ನಾಲ್ಕನೇ ಗೂಡು

ಮಗಳು ಈಗ ಹನ್ನೊಂದನೇ ಕ್ಲಾಸು. ಊಟಕ್ಕೆ ಕೂತರೂ ಕಾಲೇಜಿನದೇ ಮಾತು. ಅಟ್ಲಾಂಟದ ನಮ್ಮ ಕನ್ನಡದ ಮನೆಗಳಲ್ಲಿ ಓಡಾಡುವ ಕಾಲೇಜುಗಳ ಹೆಸರು ಹೆಚ್ಚೂಕಡಿಮೆ ಒಂದೇ. ಹಬ್ಬದ ದಿನ ನಾಲ್ಕು ಮನೆಗೆ ಹೋದರೆ ಅದೇ ಎಂಟು ಹತ್ತು ಹೆಸರು ಕಿವಿಗೆ ಬೀಳುತ್ತವೆ. ಆ ಪಟ್ಟಿಯಲ್ಲಿ ಇಲ್ಲದ ಹೆಸರೊಂದನ್ನು ಅವಳು ಒಂದು ರಾತ್ರಿ ಹೇಳಿದಳು. ಟಸ್ಕೀಗಿ.

ತನಗಲ್ಲ, ಗೆಳತಿಗೆ. ಆ ಹುಡುಗಿ ಕಪ್ಪು ಸಮುದಾಯದವಳು. ಓದಿನಲ್ಲಿ ಜಾಣೆ, ಪಶುವೈದ್ಯೆ ಆಗುವ ಆಸೆ. ದೊಡ್ಡ ಹೆಸರಿನ ಕಾಲೇಜುಗಳೇ ಕರೆದು ಸೀಟು ಕೊಡುವಂಥ ಅಂಕ. ಆದರೂ ಅವಳಿಗೆ ಬೇಕಾದದ್ದು ಅಲಬಾಮದ ಸಣ್ಣ ಊರೊಂದರ ಯೂನಿವರ್ಸಿಟಿ. ಯಾಕೆ ಅಂತ ನನ್ನ ಮಗಳು ಕೇಳಿದ್ದಾಳೆ. "ನಾಲ್ಕು ವರ್ಷನಾದ್ರೂ ಕ್ಲಾಸಲ್ಲಿ ನಾನೊಬ್ಬಳೇ ಅನ್ನೋ ಹಾಗಿರೋದು ಬೇಡ" ಅಂದಳಂತೆ.

"ಅಪ್ಪ, ನಾವೂ ಹೋಗಿ ನೋಡ್ಕೊಂಡು ಬರೋಣ್ವಾ?"

ಆ ಹೆಸರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಕಾಲೇಜಲ್ಲ. ಸಿಫಿಲಿಸ್ ಎಂಬ ಲೈಂಗಿಕ ರೋಗದ ಮೇಲಿನ ಪ್ರಯೋಗ. ಔಷಧಿ ಇದ್ದೂ ಕೊಡದೆ ಕಪ್ಪು ರೈತರನ್ನು ನರಳಲು ಬಿಟ್ಟ ಕಥೆ ಎಲ್ಲೋ ಓದಿದ್ದೆ. ಅದು ನಡೆದ ಜಾಗದಲ್ಲಿ ಒಂದು ಕಾಲೇಜಿದೆ, ಅಲ್ಲಿ ಮಕ್ಕಳು ಬ್ಯಾಗು ಹಾಕಿಕೊಂಡು ನಗುತ್ತಾ ಓಡಾಡುತ್ತಾರೆ ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಈ ದೇಶಕ್ಕೆ ಬಂದು ಹದಿನೆಂಟು ವರ್ಷ. ಟಸ್ಕೀಗಿ ನನ್ನ ಮನೆಯಿಂದ ಎರಡು ಗಂಟೆಯ ದಾರಿ. ನಾಚಿಕೆಯಾಯಿತು, ಹೊರಟೆವು.

ಇಂಥ ಕಾಲೇಜುಗಳಿಗೆ ಇಲ್ಲಿ 'ಎಚ್‌ಬಿಸಿಯು' ಅನ್ನುತ್ತಾರೆ. 1964ಕ್ಕೆ ಮುಂಚೆ, ಕಪ್ಪು ಜನರ ಓದಿಗಾಗಿಯೇ ಶುರುವಾದ ಕಾಲೇಜುಗಳು. 1965ರ ಕಾನೂನಿನಲ್ಲಿ ಈ ಅರ್ಥ ಕೊಟ್ಟಿದ್ದಾರೆ. ಈಗ ಅಂಥವು ಸುಮಾರು ನೂರು ಇವೆ. ಎಲ್ಲ ಬಣ್ಣದವರೂ ಸೇರಬಹುದು, ಮಗಳು ಆಗಲೇ ನೋಡಿಕೊಂಡಿದ್ದಳು.

85ನೇ ಹೆದ್ದಾರಿಯಲ್ಲಿ ಚಟ್ಟಹೂಚಿ ಹೊಳೆ ದಾಟಿದರೆ ಅಲಬಾಮ. ಗಡಿ ದಾಟುತ್ತಲೇ ಫೋನಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಪೈನ್ ಮರಗಳ ನಡುವೆ ಎಲ್ಲಿ ಅಗೆದಿದ್ದರೂ ಕೆಂಪು ಮಣ್ಣು. ನಾನು ಮಾಲೂರಿನ ಕಡೆಯವನು. ನಮ್ಮ ತಾತ ಇಟ್ಟಿಗೆ ಗೂಡಿನಲ್ಲಿ ದುಡಿದವರು, ಅಪ್ಪ ಹೈಸ್ಕೂಲು ಮುಗಿಯುವವರೆಗೂ ರಜೆಯಲ್ಲಿ ಮಣ್ಣು ತುಳಿದವರು. ಮಾಲೂರಿನವರಿಗೆ ಕೆಂಪು ಮಣ್ಣು ಕಂಡರೆ ಕೈ ಸುಮ್ನಿರಲ್ಲ, ಚಿಟಿಕೆ ತೆಗೆದು ಉಜ್ಜಿ ನೋಡುತ್ತೇವೆ. ಪೆಟ್ರೋಲ್ ಬಂಕಿನ ಪಕ್ಕ ನಾನು ಹಾಗೆ ಮಾಡುತ್ತಿದ್ದಾಗ ಮಗಳು ಕಾರಿನೊಳಗೆ ತಲೆ ಬಗ್ಗಿಸಿ ಕೂತಿದ್ದಳು.

ಕ್ಯಾಂಪಸ್ಸು ಪೂರ್ತಿ ಕೆಂಪು ಇಟ್ಟಿಗೆ. ಹಳೆಯ ಕಟ್ಟಡಗಳ ಇಟ್ಟಿಗೆಯನ್ನು ಅಲ್ಲಿ ಓದಲು ಬಂದ ಮಕ್ಕಳೇ ಮಾಡಿದ್ದು. ಮಣ್ಣು ಅಗೆದು, ತುಳಿದು, ಅಚ್ಚಿಗೆ ಹಾಕಿ, ಸುಟ್ಟು, ಗೋಡೆ ಎಬ್ಬಿಸಿ, ಆಮೇಲೆ ಅದರೊಳಗೆ ಕೂತು ಪಾಠ ಕೇಳಿದವರು.

ಶುರುವಾದದ್ದು ಒಂದು ಓಟಿನ ವ್ಯವಹಾರದಿಂದ. 1880ರಲ್ಲಿ ಬಿಳಿಯ ರಾಜಕಾರಣಿಯೊಬ್ಬನಿಗೆ ಅಲಬಾಮ ಸೆನೆಟ್ಟಿಗೆ ಮತ್ತೆ ಗೆಲ್ಲಬೇಕಿತ್ತು. ಊರಿನಲ್ಲಿ ಲೂಯಿಸ್ ಆಡಮ್ಸ್ ಎಂಬ ಕಸುಬುದಾರರಿದ್ದರು. ಹುಟ್ಟಿನಿಂದ ಗುಲಾಮರಾಗಿದ್ದವರು. ತಗಡಿನ ಕೆಲಸ, ಚರ್ಮದ ಕೆಲಸ ಎಲ್ಲ ಗೊತ್ತಿತ್ತು. ಕಪ್ಪು ಜನರ ಓಟು ಅವರ ಮಾತಿನ ಮೇಲೆ ನಿಂತಿತ್ತು. "ಓಟು ಹಾಕಿಸಿದರೆ ನಿನಗೇನು ಬೇಕು?" ಎಂದು ಕೇಳಿದಾಗ ಆಡಮ್ಸ್ ತಮಗೆ ಏನೂ ಕೇಳಲಿಲ್ಲ. ನಮ್ಮ ಮಕ್ಕಳಿಗೆ ಒಂದು ಶಾಲೆ ಅಂದರು. ಆತ ಗೆದ್ದ, ಮಾತು ಉಳಿಸಿಕೊಂಡ. ಸರ್ಕಾರ ವರ್ಷಕ್ಕೆ 2000 ಡಾಲರ್ ಕೊಟ್ಟಿತು, ಅದೂ ಮೇಷ್ಟ್ರುಗಳ ಸಂಬಳಕ್ಕೆ ಮಾತ್ರ. ಜಾಗ ಇಲ್ಲ, ಕಟ್ಟಡ ಇಲ್ಲ, ಒಂದು ಬೆಂಚೂ ಇಲ್ಲ.

ಮುಖ್ಯೋಪಾಧ್ಯಾಯರನ್ನು ಕಳಿಸಿಕೊಡಿ ಎಂದು ವರ್ಜೀನಿಯಾದ ಹ್ಯಾಂಪ್ಟನ್ ಶಾಲೆಗೆ ಪತ್ರ ಹೋಯಿತು. ಬಿಳಿಯ ಮೇಷ್ಟ್ರು ಬರುತ್ತಾರೆ ಅಂತ ಊರಿನವರ ಲೆಕ್ಕ. ಅಲ್ಲಿಂದ ಬಂದದ್ದು ಬುಕರ್ ಟಿ. ವಾಷಿಂಗ್ಟನ್ ಎಂಬ 25 ವರ್ಷದ ಕಪ್ಪು ಯುವಕ. ಅವರೂ ಗುಲಾಮಗಿರಿಯಲ್ಲೇ ಹುಟ್ಟಿದವರು. 1881ರ ಜುಲೈ 4ರಂದು, ಚರ್ಚಿನ ಪಕ್ಕದ ಮುರುಕು ಗುಡಿಸಲಿನಲ್ಲಿ, 30 ಮಂದಿಯೊಂದಿಗೆ ಶಾಲೆ ಶುರು. ಮಳೆ ಬಂದರೆ ಒಬ್ಬ ವಿದ್ಯಾರ್ಥಿ ಎದ್ದು ಹೋಗಿ ಮೇಷ್ಟ್ರ ತಲೆಯ ಮೇಲೆ ಕೊಡೆ ಹಿಡಿಯುತ್ತಿದ್ದ. ಪಾಠ ನಿಲ್ಲುತ್ತಿರಲಿಲ್ಲ.

ಊರಾಚೆ ಪಾಳು ಬಿದ್ದ ಒಂದು ಹತ್ತಿ ತೋಟ ಮಾರಾಟಕ್ಕಿತ್ತು. ನೂರು ಎಕರೆ. ಮಾಲೀಕನ ದೊಡ್ಡ ಮನೆ ಸುಟ್ಟುಹೋಗಿತ್ತು. ಅಡುಗೆಮನೆ, ಕುದುರೆ ಲಾಯ, ಕೋಳಿಗೂಡು ಉಳಿದಿದ್ದವು. ಬೆಲೆ 500 ಡಾಲರ್, ಮುಂಗಡ 250. ಹ್ಯಾಂಪ್ಟನ್ನಿನ ಖಜಾಂಚಿ ತಮ್ಮ ಸ್ವಂತ ದುಡ್ಡಿನಲ್ಲಿ 250 ಸಾಲ ಕೊಟ್ಟರು. ಕೋಳಿಗೂಡು ಗುಡಿಸಿ ಕ್ಲಾಸ್‌ರೂಮು ಮಾಡಿಕೊಂಡರು.

ಈ ಎರಡು ಮೊತ್ತ ಓದಿದಾಗ ನಾನು ಒಂದು ಕ್ಷಣ ನಿಂತೆ. 1832ರಲ್ಲಿ ಇದೇ ಅಲಬಾಮ ಒಂದು ಕಾನೂನು ಮಾಡಿತ್ತು. ಕಪ್ಪು ಜನರಿಗೆ, ಅವರು ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಓದು ಬರಹ ಕಲಿಸಿದವರಿಗೆ ದಂಡ. ಎಷ್ಟು? 250 ಡಾಲರಿಗೆ ಕಡಿಮೆ ಇಲ್ಲದಂತೆ, 500 ಮೀರದಂತೆ. ಐವತ್ತು ವರ್ಷ ಹಿಂದೆ ಅಕ್ಷರ ಹೇಳಿಕೊಟ್ಟದ್ದಕ್ಕೆ ಕಟ್ಟಬೇಕಿದ್ದ ದಂಡ, ಈಗ ಶಾಲೆಯ ಜಮೀನಿನ ಬೆಲೆ. ಸುಮ್ನೆ ಕಾಕತಾಳೀಯ, ಗೊತ್ತು. ಆದರೂ ತಲೆಯಿಂದ ಹೋಗಲಿಲ್ಲ.

ಉಳಿದ ಹಣ ಕೂಡಿಸಿದ್ದು ಒಲಿವಿಯಾ ಡೇವಿಡ್ಸನ್. ವಾಷಿಂಗ್ಟನ್ನರ ಜೊತೆ ಶಾಲೆ ಕಟ್ಟಿದವರು, ಮುಂದೆ ಅವರ ಹೆಂಡತಿಯಾದವರು. ಮನೆಮನೆಗೆ ಹೋಗಿ ಕೇಕು, ಬ್ರೆಡ್ಡು, ಕೋಳಿ ಬೇಡಿ ತಂದು, ಸಂಜೆ ಊಟದ ಕೂಟ ಮಾಡಿ, ಅದನ್ನು ಮಾರಿ ದುಡ್ಡು ಮಾಡುತ್ತಿದ್ದರು. ಆ ದಿನಗಳಲ್ಲಿ ಎಪ್ಪತ್ತರ ಆಸುಪಾಸಿನ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಮೈಮೇಲೆ ಚಿಂದಿ, ಆದರೆ ಮಡಿ ಚಿಂದಿ. ನನ್ನ ಹತ್ತಿರ ಬೇರೇನಿಲ್ಲ, ಈ ಮಕ್ಕಳ ಓದಿಗೆ ಇದನ್ನು ಹಾಕಿ ಅಂತ ಆರು ಮೊಟ್ಟೆ ಕೊಟ್ಟು ಹೋದಳಂತೆ. ಟಸ್ಕೀಗಿಗೆ ಮುಂದೆ ಕಾರ್ನೆಗಿಯಂಥ ಕುಬೇರರು ಲಕ್ಷಗಟ್ಟಲೆ ಡಾಲರ್ ಕೊಟ್ಟರು. ವಾಷಿಂಗ್ಟನ್ ತಮ್ಮ ಜೀವನ ಬರೆಯುವಾಗ, ತಮ್ಮ ಮನಸ್ಸನ್ನು ಅಷ್ಟು ತಟ್ಟಿದ ಕಾಣಿಕೆ ಇನ್ನೊಂದಿಲ್ಲ ಎಂದದ್ದು ಈ ಮೊಟ್ಟೆಗಳ ಬಗ್ಗೆ.

ಇನ್ನು ಇಟ್ಟಿಗೆ. ನನಗೆ ಗೊತ್ತಿರುವ ವಿಷಯ ಇದು, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಊರಿನಲ್ಲಿ ಇಟ್ಟಿಗೆ ಮಾಡುವವರು ಯಾರೂ ಇರಲಿಲ್ಲ. ನಾವೇ ಮಾಡೋಣ ಅಂದರು ವಾಷಿಂಗ್ಟನ್. ಅವರಿಗೂ ಬರುತ್ತಿರಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಓದಿ ಮೇಲೆ ಬರೋಣ ಅಂತ ಬಂದ ಹುಡುಗರಿಗೆ ಇದೆಂಥ ಶಿಕ್ಷೆ? ಕೆಲವರು ಶಾಲೆಯನ್ನೇ ಬಿಟ್ಟು ಹೋದರು. ಅವರ ಮೇಲೆ ನನಗೆ ಬೇಸರವಿಲ್ಲ. ನಮ್ಮ ಅಪ್ಪ ಕೂಡ "ಓದಿದ್ದೇ ಆ ಕೆಸರಿಂದ ಮೇಲೇಳೋಕೆ" ಅನ್ನುತ್ತಿದ್ದರು.

ಹಲವು ಗುಂಡಿ ತೋಡಿದ ಮೇಲೆ ಒಳ್ಳೆ ಜೇಡಿಮಣ್ಣು ಸಿಕ್ಕಿತು. 25,000 ಇಟ್ಟಿಗೆ ಕೊಯ್ದು ಗೂಡು ಹಾಕಿದರು. ಕೆಟ್ಟಿತು. ಎರಡನೇ ಗೂಡು. ಅದೂ ಕೆಟ್ಟಿತು. ಹ್ಯಾಂಪ್ಟನ್ನಿನಲ್ಲಿ ಈ ಕೆಲಸ ಕಲಿತಿದ್ದ ಮೇಷ್ಟ್ರುಗಳೇ ಮುಂದೆ ನಿಂತು ಮೂರನೇ ಗೂಡು ಹಾಕಿಸಿದರು. ಗೂಡು ಸುಡಲು ಸುಮಾರು ಒಂದು ವಾರ ಬೇಕು. ವಾರದ ಕೊನೆ, ಇನ್ನೇನು ಸಾವಿರಾರು ಇಟ್ಟಿಗೆ ಕೈಗೆ ಬರುತ್ತದೆ ಅನ್ನುವ ಹೊತ್ತು. ನಡುರಾತ್ರಿ ಗೂಡು ಕುಸಿದು ಬಿತ್ತು.

ಕೈಯಲ್ಲಿ ಒಂದು ಡಾಲರ್ ಇರಲಿಲ್ಲ. ಬಹುಪಾಲು ಮೇಷ್ಟ್ರುಗಳು ಈ ಸಹವಾಸವೇ ಬೇಡ ಅಂದರು. ವಾಷಿಂಗ್ಟನ್ ಹತ್ತಿರ ಹಳೆಯದೊಂದು ವಾಚಿತ್ತು. ಮಾಂಟ್‌ಗೊಮೆರಿಗೆ ಹೋಗಿ ಗಿರವಿ ಅಂಗಡಿಯಲ್ಲಿ ಅಡ ಇಟ್ಟರು. 15 ಡಾಲರ್ ಸಿಕ್ಕಿತು. ಆ ದುಡ್ಡಿನಲ್ಲಿ ನಾಲ್ಕನೇ ಗೂಡು. ಅದು ನಿಂತಿತು.

ಇಪ್ಪತ್ತು ವರ್ಷದೊಳಗೆ ಅಲ್ಲಿ ಒಂದು ಹಂಗಾಮಿಗೆ 12 ಲಕ್ಷ ಇಟ್ಟಿಗೆ ತಯಾರಾಗುತ್ತಿತ್ತು. ನಲವತ್ತು ಕಟ್ಟಡಗಳಲ್ಲಿ ನಾಲ್ಕು ಬಿಟ್ಟು ಉಳಿದವನ್ನೆಲ್ಲ ವಿದ್ಯಾರ್ಥಿಗಳೇ ಕಟ್ಟಿದ್ದರು. ಶಾಲೆ ಕಂಡರೆ ಮೂಗು ಮುರಿಯುತ್ತಿದ್ದ ಬಿಳಿಯರೂ ಇಟ್ಟಿಗೆ ಕೊಳ್ಳಲು ಬರತೊಡಗಿದರು. ಒಳ್ಳೆ ಇಟ್ಟಿಗೆ ಬೇರೆಲ್ಲಿ ಸಿಗಬೇಕು? ಜಗತ್ತಿಗೆ ಬೇಕಾದದ್ದನ್ನು ನೀನು ಚೆನ್ನಾಗಿ ಮಾಡು, ಆಗ ನಿನ್ನ ಬಣ್ಣವನ್ನು ಜಗತ್ತು ಮರೆಯುತ್ತದೆ. ವಾಷಿಂಗ್ಟನ್ನರ ನಂಬಿಕೆಯೆಲ್ಲ ಈ ಗೂಡಿನಿಂದಲೇ ಬಂದದ್ದು ಅಂತ ನನಗನ್ನಿಸುತ್ತದೆ.

ಹಳೆಯ ಗೋಡೆಯೊಂದರ ಹತ್ತಿರ ನಿಂತು ಬೆರಳಚ್ಚು ಹುಡುಕಿದೆ. ಕೈಯಲ್ಲಿ ಕೊಯ್ದ ಇಟ್ಟಿಗೆಯಲ್ಲಿ ಒಂದೊಂದು ಸಲ ಎತ್ತಿಟ್ಟವರ ಬೆರಳು ಮೂಡಿರುತ್ತದೆ. ಮಾಲೂರಿನಲ್ಲಿ ನೋಡಿದ್ದೇನೆ. ಇಲ್ಲಿ ಒಂದೂ ಕಾಣಲಿಲ್ಲ. ಅಷ್ಟು ನೀಟಾಗಿ ಮಾಡಿದ್ದರು.

ನೀಟು ಅಂದರೆ ಆ ಕಾಲದ ಕ್ಯಾಂಪಸ್ಸಿನ ದಿನಚರಿ ನೋಡಬೇಕು. ವಾಷಿಂಗ್ಟನ್ನರೇ ಬರೆದಿಟ್ಟಿದ್ದಾರೆ. ಮಗಳು ಫೋನಿನಲ್ಲಿ ಓದಿ ಹೇಳುತ್ತಾ ಹೋದಳು. ಬೆಳಿಗ್ಗೆ 5ಕ್ಕೆ ಏಳುವ ಗಂಟೆ. 6ಕ್ಕೆ ತಿಂಡಿ, 6.20ಕ್ಕೆ ತಿಂಡಿ ಮುಗಿಯಿತು. ಆಮೇಲೆ ರೂಮು ಗುಡಿಸುವುದು. 6.50ಕ್ಕೆ ಕೆಲಸದ ಗಂಟೆ. 8.25ಕ್ಕೆ ಹುಡುಗರು ಸಾಲಾಗಿ ನಿಂತು ಉಡುಪು ತೋರಿಸಬೇಕು. 8.40ಕ್ಕೆ ಪ್ರಾರ್ಥನೆ. 8.55ರಿಂದ 9ರವರೆಗೆ, ಐದೇ ಐದು ನಿಮಿಷ, ದಿನದ ಸುದ್ದಿ. ಹಾಗೇ ಗಂಟೆಯ ಮೇಲೆ ಗಂಟೆ ಬಾರಿಸಿ, ರಾತ್ರಿ 9.20ಕ್ಕೆ ಮಲಗುವ ಎಚ್ಚರಿಕೆಯ ಗಂಟೆ, 9.30ಕ್ಕೆ ಮಲಗುವ ಗಂಟೆ.

"ಎಚ್ಚರಿಕೆ ಗಂಟೆ ಬೇರೆನಾ!" ಅಂದಳು. ಐದು ನಿಮಿಷದ ಸುದ್ದಿ ಮಾತ್ರ ಅವಳಿಗೆ ಹಿಡಿಸಿತು. ನಮಗೂ ಅಷ್ಟೇ ಇದ್ದಿದ್ದರೆ ಆರಾಮಾಗಿತ್ತು ಅಂದಳು.

ಫೀಸು ಕಟ್ಟಲು ಆಗದವರಿಗೆ ರಾತ್ರಿ ಶಾಲೆ. ಹಗಲು ಹತ್ತು ಗಂಟೆ ದುಡಿತ, ರಾತ್ರಿ ಎರಡು ಗಂಟೆ ಓದು. ಇಷ್ಟರ ಜೊತೆಗೆ ಹಲ್ಲುಜ್ಜುವ ಬ್ರಷ್ಷಿನ ನಿಯಮ. ಬ್ರಷ್ ಇಲ್ಲದವರಿಗೆ ಟಸ್ಕೀಗಿಯಲ್ಲಿ ಜಾಗವಿಲ್ಲ. ಒಮ್ಮೆ ರೂಮು ತಪಾಸಣೆಗೆ ಹೋದಾಗ ಮೂವರು ಹುಡುಗಿಯರು ಒಂದು ಬ್ರಷ್ ತೋರಿಸಿ, ನಿನ್ನೆ ತಾನೇ ಮೂವರೂ ಸೇರಿ ಕೊಂಡೆವು ಅಂದರಂತೆ. ನಿಯಮದ ಸುದ್ದಿ ಊರೂರಿಗೆ ಹಬ್ಬಿ, ಬೇರೇನೂ ತರಲಾಗದ ಮಕ್ಕಳು ಒಂದು ಬ್ರಷ್ ಮಾತ್ರ ಹಿಡಿದುಕೊಂಡು ಸೇರಲು ಬರುತ್ತಿದ್ದರು. ಓದಿ ನಕ್ಕೆವು. ನಕ್ಕ ಮೇಲೆ ನನಗೆ ಸ್ವಲ್ಪ ಕಸಿವಿಸಿಯಾಯಿತು. ನಿಮ್ಮ ಮಕ್ಕಳು ಶುಚಿಯಾಗಿದ್ದಾರೆ, ಶಿಸ್ತಾಗಿದ್ದಾರೆ ಅಂತ ಯಾರಿಗೋ ದಿನವೂ ತೋರಿಸುತ್ತಲೇ ಇರಬೇಕಾದ ಶಾಲೆ ಅದು.

ಆ ಯಾರೋ ಯಾರು ಅಂತ ತಿಳಿಯಲು ನಮ್ಮ ಅಟ್ಲಾಂಟಕ್ಕೇ ಬರಬೇಕು. ನಾವು ಭಾನುವಾರ ವಾಕಿಂಗ್ ಹೋಗುವ ಪೀಡ್‌ಮಾಂಟ್ ಪಾರ್ಕಿನಲ್ಲಿ 1895ರ ಸೆಪ್ಟೆಂಬರ್ 18ರಂದು ಹತ್ತಿ ರಾಜ್ಯಗಳ ದೊಡ್ಡ ವಸ್ತುಪ್ರದರ್ಶನ ಶುರುವಾಯಿತು. ಉದ್ಘಾಟನೆಯ ದಿನ ವಾಷಿಂಗ್ಟನ್ ಮಾತಾಡಿದರು. ಇರುವ ಜಾಗದಲ್ಲೇ ಬಕೆಟ್ ಇಳಿಬಿಡಿ, ನೀರು ಅಲ್ಲೇ ಇದೆ ಎಂದು ತಮ್ಮ ಜನಕ್ಕೆ ಹೇಳಿದರು. ಸಾಮಾಜಿಕ ವಿಷಯದಲ್ಲಿ ನಾವು ಬೆರಳುಗಳ ಹಾಗೆ ಬೇರೆ ಬೇರೆ ಇರಬಹುದು, ಏಳಿಗೆಯ ವಿಷಯದಲ್ಲಿ ಕೈಯ ಹಾಗೆ ಒಂದು ಎಂದು ಬಿಳಿಯರಿಗೆ ಹೇಳಿದರು. ಬಿಳಿಯರ ಕಡೆಯಿಂದ ಚಪ್ಪಾಳೆಯೋ ಚಪ್ಪಾಳೆ. ಯಾಕಾಗಬಾರದು? ಈಗಲೇ ಸಮಾನತೆ ಕೇಳುವುದಿಲ್ಲ, ಮೊದಲು ದುಡಿಯುತ್ತೇವೆ ಅಂದಂತಾಯಿತಲ್ಲ.

ಆಮೇಲೆ ಅಟ್ಲಾಂಟದಲ್ಲೇ ಪಾಠ ಮಾಡುತ್ತಿದ್ದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್ 1903ರಲ್ಲಿ ಇದನ್ನು ನೇರವಾಗಿ ಟೀಕಿಸಿದರು. 1946ರಲ್ಲಿ ಅಂಬೇಡ್ಕರ್ ಪತ್ರ ಬರೆದದ್ದು ಇದೇ ಡು ಬಾಯ್ಸ್‌ಗೆ. ಓಟು ಬಿಟ್ಟು, ಹಕ್ಕು ಬಿಟ್ಟು, ಉನ್ನತ ಓದು ಬಿಟ್ಟು, ಬರೀ ಕಸುಬು ಕಲಿತು ಹೇಗೆ ಮೇಲೆ ಬರುತ್ತೀರಿ ಅನ್ನುವುದು ಡು ಬಾಯ್ಸ್ ಪ್ರಶ್ನೆ. ಅಷ್ಟು ಹೊತ್ತಿಗೆ, 1901ರಲ್ಲಿ, ಅಲಬಾಮ ಹೊಸ ಸಂವಿಧಾನ ಮಾಡಿ ಕಪ್ಪು ಜನರ ಓಟನ್ನು ಹೆಚ್ಚೂಕಡಿಮೆ ಪೂರ್ತಿ ಕಿತ್ತುಕೊಂಡಾಗಿತ್ತು. ಓಟಿನ ಬಲದಿಂದ ಹುಟ್ಟಿದ ಶಾಲೆಗೆ ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಓಟೇ ಇಲ್ಲ.

ನಾನು ಯಾವಾಗಲೂ ಡು ಬಾಯ್ಸ್ ಕಡೆಯವನೇ. ಈಗಲೂ ಹೌದು. ಆದರೆ ಒಂದು ಸಂಗತಿ ನನ್ನನ್ನು ಗಲಿಬಿಲಿ ಮಾಡಿತು. ಆ ಸಂವಿಧಾನದ ವಿರುದ್ಧ ಮಾಂಟ್‌ಗೊಮೆರಿಯ ಜ್ಯಾಕ್ಸನ್ ಜೈಲ್ಸ್ ಎಂಬ ಕಪ್ಪು ನೌಕರ ಸುಪ್ರೀಂ ಕೋರ್ಟಿನವರೆಗೂ ಹೋದರು. 1903ರಲ್ಲಿ ಸೋತರು. ಆ ಕೇಸಿನ ಖರ್ಚಿಗೆ ಗುಟ್ಟಾಗಿ ದುಡ್ಡು ಕಳಿಸುತ್ತಿದ್ದದ್ದು ವಾಷಿಂಗ್ಟನ್. ಹಗಲು ವೇದಿಕೆಯ ಮೇಲೆ ಬಕೆಟ್ಟಿನ ಮಾತು, ರಾತ್ರಿ ವಕೀಲರಿಗೆ ಹಣ. ಇದನ್ನು ಜಾಣತನ ಅನ್ನಬೇಕೋ, ಹೆದರಿಕೆ ಅನ್ನಬೇಕೋ? ಅಲಬಾಮದ ಹಳ್ಳಿಯಲ್ಲಿ, ಗಂಟೆ ಹೊಡೆದರೆ ಏಳುವ ಸಾವಿರಾರು ಮಕ್ಕಳನ್ನು ಕಾಯ್ದುಕೊಂಡು ಕೂತವರನ್ನು ಅಟ್ಲಾಂಟದ ಸೋಫಾದ ಮೇಲಿಂದ ಅಳೆಯುವುದು ಸುಲಭ, ಅಲ್ವಾ.

ಕ್ಯಾಂಪಸ್ಸಿನಲ್ಲಿ ಅವರದೊಂದು ಕಂಚಿನ ಮೂರ್ತಿ ಇದೆ, 1922ರದ್ದು. ವಾಷಿಂಗ್ಟನ್ ನಿಂತಿದ್ದಾರೆ. ಕೆಳಗೆ ನೇಗಿಲು ಮತ್ತು ಕಮ್ಮಾರನ ಅಡಿಗಲ್ಲಿನ ಮೇಲೆ ಪುಸ್ತಕ ಹಿಡಿದು ಕೂತ ಮನುಷ್ಯ. ಅವನ ಮುಖದ ಮೇಲಿನ ಮುಸುಕನ್ನು ವಾಷಿಂಗ್ಟನ್ ಎತ್ತುತ್ತಿದ್ದಾರೆ. 1933ರಲ್ಲಿ ಗೂಡ್ಸ್ ರೈಲಿನಲ್ಲಿ ಕದ್ದು ಕೂತು ಇಲ್ಲಿಗೆ ಸಂಗೀತ ಕಲಿಯಲು ಬಂದ ರಾಲ್ಫ್ ಎಲಿಸನ್ ಮುಂದೆ ದೊಡ್ಡ ಕಾದಂಬರಿಕಾರರಾದರು. ಇಂಥದ್ದೇ ಮೂರ್ತಿಯ ಮುಂದೆ ಅವರ ಕಥಾನಾಯಕನಿಗೆ ಒಂದು ಅನುಮಾನ: ಮುಸುಕು ಎತ್ತುತ್ತಿದ್ದಾರೋ, ಇನ್ನಷ್ಟು ಗಟ್ಟಿಯಾಗಿ ಹೊದಿಸುತ್ತಿದ್ದಾರೋ? ಇದನ್ನು ಮಗಳಿಗೆ ಹೇಳಿದೆ. ಅವಳು ಮೂರ್ತಿಯ ಸುತ್ತ ಒಂದು ಸುತ್ತು ಬಂದಳು. "ಎಲ್ಲಿ ನಿಂತ್ಕೋತೀವಿ ಅನ್ನೋದ್ರ ಮೇಲೆ ಹೋಗತ್ತೆ" ಅಂದಳು. ಫೋಟೋ ತೆಗೆಯುವ ಕೋನದ ಬಗ್ಗೆ ಹೇಳಿದಳೋ ಏನೋ, ನಾನು ಕೇಳಲಿಲ್ಲ.

ಬರೀ ಇಟ್ಟಿಗೆ ಶಾಲೆಯಾಗಿ ಟಸ್ಕೀಗಿ ಉಳಿಯಲೂ ಇಲ್ಲ. ಕಟ್ಟಡಗಳ ನಕ್ಷೆ ಬರೆದ ರಾಬರ್ಟ್ ಟೇಲರ್ 1892ರಲ್ಲಿ ಎಂಐಟಿಯಿಂದ ಪದವಿ ಪಡೆದವರು, ಅಲ್ಲಿಂದ ಹೊರಬಂದ ಮೊದಲ ಕಪ್ಪು ಪದವೀಧರ. ಅವರ ಮೆಚ್ಚಿನ ಕಟ್ಟಡ ಇಲ್ಲಿನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ. 1942ರಲ್ಲಿ ಆ ಚಾಪೆಲ್ಲಿನೊಳಗೇ ಕುಸಿದು ಬಿದ್ದು ತೀರಿಕೊಂಡರು. 1957ರಲ್ಲಿ ಅದು ಸುಟ್ಟುಹೋಯಿತು. ಈಗ ಇರುವುದು 1969ರ ಚಾಪೆಲ್, ವಾಸ್ತುಶಿಲ್ಪಿ ಪಾಲ್ ರುಡಾಲ್ಫ್ ಮತ್ತು ಜೊತೆಗಾರರದ್ದು. ಹೊರಗಿನಿಂದ ಇಟ್ಟಿಗೆಯ ಹಡಗಿನ ಹಾಗಿದೆ.

ಸಂಗೀತ ಅಂದರೆ ವಿಲಿಯಂ ಡಾಸನ್. ಹದಿಮೂರನೇ ವಯಸ್ಸಿಗೆ ಮನೆ ಬಿಟ್ಟು ಓಡಿಬಂದು ಇಲ್ಲಿ ಸೇರಿದ ಹುಡುಗ, ಆಮೇಲೆ ಇಲ್ಲಿನ ಗಾಯಕವೃಂದವನ್ನು ಬೆಳೆಸಿ 1932ರಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲಿನ ಉದ್ಘಾಟನೆಗೆ ಕರೆದೊಯ್ದರು. ಗುಲಾಮರು ಹೊಲದಲ್ಲಿ ಹಾಡುತ್ತಿದ್ದ ಹಾಡುಗಳನ್ನು ಅವರು ವೃಂದಕ್ಕೆ ಹೊಂದಿಸಿ ಬರೆದದ್ದನ್ನು ಇವತ್ತೂ ಈ ದೇಶದ ಕಾಲೇಜುಗಳಲ್ಲಿ ಹಾಡುತ್ತಾರೆ. 1960ರ ದಶಕದ ಕೊನೆಯಲ್ಲಿ ಇದೇ ಕ್ಯಾಂಪಸ್ಸಿನ ಹುಡುಗರು ಸೇರಿ ಕಟ್ಟಿದ ಬ್ಯಾಂಡು ಕಮೊಡೋರ್ಸ್. ಲಯನಲ್ ರಿಚಿ ಅವರಲ್ಲೊಬ್ಬರು. ಇದು ಹೇಳಿದಾಗ ನನ್ನ ಹೆಂಡತಿಗೆ ಟಸ್ಕೀಗಿಯ ಮೇಲೆ ಒಮ್ಮೆಲೇ ಗೌರವ ಬಂತು.

ಕಡಲೆಕಾಯಿಯ ಊರಿನಿಂದ ಬಂದವನು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಹೆಸರು ಬಿಟ್ಟರೆ ತಪ್ಪಾಗುತ್ತದೆ. 1896ರಲ್ಲಿ ಬಂದರು, 1943ರಲ್ಲಿ ಸಾಯುವವರೆಗೂ ಇಲ್ಲೇ ಇದ್ದರು. ಸಮಾಧಿಯೂ ಇಲ್ಲೇ, ವಾಷಿಂಗ್ಟನ್ನರ ಪಕ್ಕದಲ್ಲಿ. ಪೀನಟ್ ಬಟರ್ ಕಂಡುಹಿಡಿದವರು ಅಂತ ಎಲ್ಲರೂ ಹೇಳುತ್ತಾರೆ, ಅದು ಸುಳ್ಳು. ಅವರು ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. ಹತ್ತಿ ಬೆಳೆದೂ ಬೆಳೆದೂ ಸತ್ತುಹೋಗಿದ್ದ ಮಣ್ಣಿಗೆ ಕಡಲೆಕಾಯಿ, ಅಲಸಂದೆ, ಗೆಣಸು ಹಾಕಿ ಅಂತ ರೈತರಿಗೆ ಹೇಳಿದರು. ರೈತರು ಕಾಲೇಜಿಗೆ ಬರಲಾರರು ಅಂತ 1906ರಲ್ಲಿ ಕುದುರೆ ಗಾಡಿಗೆ ನೇಗಿಲು, ಬೀಜ, ಹಾಲು ಕಡೆಯುವ ಯಂತ್ರ ತುಂಬಿ ಹಳ್ಳಿಗೆ ಕಳಿಸಿದರು. ಕಡಲೆಕಾಯಿ ಬೆಳೆದ ಮೇಲೆ ಏನು ಮಾಡೋದು? ಅದಕ್ಕೆ 105 ಅಡುಗೆಗಳ ಒಂದು ಪುಸ್ತಿಕೆ ಬರೆದರು. ಕಾರ್ವರ್ ಮ್ಯೂಸಿಯಂ ಇರುವುದು ಹಳೆಯ ಲಾಂಡ್ರಿ ಕಟ್ಟಡದಲ್ಲಿ. ಅವರು ಬದುಕಿದ್ದಿದ್ದರೆ ಖುಷಿಪಡುತ್ತಿದ್ದರು, ಯಾವುದನ್ನೂ ಬಿಸಾಡದ ಮನುಷ್ಯ.

ಎರಡನೇ ಮಹಾಯುದ್ಧದಲ್ಲಿ ಕಪ್ಪು ಪೈಲಟ್‌ಗಳನ್ನು ತರಬೇತಿ ಮಾಡಿದ್ದು ಇದೇ ಊರಿನಲ್ಲಿ. 1942ರ ಮಾರ್ಚಿನಲ್ಲಿ ಮೊದಲ ಐವರು, ಆಮೇಲೆ ಒಟ್ಟು ಹತ್ತಿರಹತ್ತಿರ ಸಾವಿರ ಮಂದಿ. ಇವರ ಬಗ್ಗೆ ಎಲ್ಲ ಕಡೆ ಇದೆ, ಓದಿಕೊಳ್ಳಬಹುದು.

ಆ ಪ್ರಯೋಗದ ವಿಷಯಕ್ಕೆ ಬರಲೇಬೇಕು. 1932ರಿಂದ 1972ರವರೆಗೆ ನಡೆಸಿದ್ದು ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆ. ಟಸ್ಕೀಗಿ ಇರುವ ಮೇಕನ್ ಕೌಂಟಿಯ 600 ಕಪ್ಪು ಗಂಡಸರು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ಇತ್ತು. ನಿಮಗೆ ಕೆಟ್ಟ ರಕ್ತ ಅಂತ ಹೇಳಿ, ಚಿಕಿತ್ಸೆಯ ನಾಟಕ ಮಾಡಿ, ಕಾಯಿಲೆ ಹೇಗೆ ತಿನ್ನುತ್ತದೆ ಅಂತ ನೋಡುತ್ತಾ ಕೂತರು. 1940ರ ದಶಕದಲ್ಲಿ ಪೆನಿಸಿಲಿನ್ ಬಂತು, ಕೊಡಲಿಲ್ಲ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು. ಕ್ಯಾಂಪಸ್ಸಿನ ಆಸ್ಪತ್ರೆಯೂ ಇದಕ್ಕೆ ಬಳಕೆಯಾಗಿತ್ತು. ಊರಿನ ಜನ ಆ ಆಸ್ಪತ್ರೆಯನ್ನು ತಮ್ಮದೆಂದು ನಂಬಿದ್ದರು, ಆ ನಂಬಿಕೆಯನ್ನೇ ಸರ್ಕಾರ ಬಳಸಿಕೊಂಡಿತು. ಹೆಸರು ಮಾತ್ರ ಊರಿಗೆ ಅಂಟಿಕೊಂಡಿದೆ. ನನ್ನ ತಲೆಯಲ್ಲೂ ಹಾಗೇ ಅಂಟಿತ್ತು.

ನನಗೆ ಗೊತ್ತೇ ಇರದಿದ್ದ ಕಥೆ ಇನ್ನೊಂದು. 1957ರ ಹೊತ್ತಿಗೆ ಟಸ್ಕೀಗಿಯ ಕಪ್ಪು ಜನ ಮತ್ತೆ ಓಟಿನ ಪಟ್ಟಿಗೆ ಒಬ್ಬೊಬ್ಬರಾಗಿ ಸೇರುತ್ತಿದ್ದರು. ಸುಲಭವಾಗಿ ಅಲ್ಲ. ಡಾಕ್ಟರೇಟ್ ಪಡೆದ ಪ್ರೊಫೆಸರುಗಳನ್ನೂ ಓದು ಬರಹದ ಪರೀಕ್ಷೆಯಲ್ಲಿ ಫೇಲ್ ಮಾಡಿ ಕಳಿಸುತ್ತಿದ್ದ ಕಚೇರಿ ಅದು. ಆದರೂ ಸುಮಾರು 400 ಮಂದಿ ಸೇರಿಬಿಟ್ಟರು. ಹೀಗೇ ಬಿಟ್ಟರೆ ಊರು ಕೈ ತಪ್ಪುತ್ತದೆ ಅನ್ನಿಸಿತು ಬಿಳಿಯರಿಗೆ. ಅಲಬಾಮದ ಶಾಸಕರು ಊರಿನ ಗಡಿಯನ್ನೇ ಬದಲಿಸಿದರು. ಚೌಕವಾಗಿದ್ದ ಊರು 28 ಮೂಲೆಗಳ ಆಕಾರವಾಯಿತು. ನಾಲ್ಕೈದು ಜನ ಬಿಟ್ಟು ಕಪ್ಪು ಮತದಾರರೆಲ್ಲ ಊರಾಚೆ. ಬಿಳಿಯ ಮತದಾರ ಒಬ್ಬನೂ ಆಚೆ ಹೋಗಲಿಲ್ಲ. ಕಾಲೇಜು ಪೂರ್ತಿ ಊರಿನಿಂದ ಹೊರಗೆ.

ಊರಿನ ಮನೆಗಳಿಗೆ ಇಟ್ಟಿಗೆ ಕೊಟ್ಟ ಕಾಲೇಜು. 76 ವರ್ಷ ಒಳ್ಳೆ ಇಟ್ಟಿಗೆ, ಒಳ್ಳೆ ನಡತೆ, ಬ್ರಷ್ಷು, ಪ್ರಾರ್ಥನೆ, ಎಲ್ಲ ಆದ ಮೇಲೂ ಪೆನ್ಸಿಲಿನಲ್ಲಿ ಗೆರೆ ಎಳೆದು ಆಚೆ ಹಾಕಿದರು. ಡು ಬಾಯ್ಸ್ ಇನ್ನೂ ಬದುಕಿದ್ದರು. ನಾನು ಹೇಳಿರಲಿಲ್ಲವೇ ಅನ್ನಬಹುದಿತ್ತು.

ಆದರೆ ಎದ್ದು ನಿಂತವರು ಯಾರು? ಇದೇ ಕಾಲೇಜಿನ ಸಮಾಜಶಾಸ್ತ್ರದ ಮೇಷ್ಟ್ರು ಚಾರ್ಲ್ಸ್ ಗೊಮಿಲಿಯನ್. ಬಿಳಿಯರ ಅಂಗಡಿಗಳಿಗೆ ಹೋಗುವುದನ್ನೇ ಜನ ನಿಲ್ಲಿಸಿದರು. ಗೊಮಿಲಿಯನ್ ಕೋರ್ಟಿಗೆ ಹೋದರು. 1960ರಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಒಂದೇ ಮಾತಾಗಿ ಅವರ ಕಡೆ ತೀರ್ಪು ಕೊಟ್ಟರು. ಕೇಸು ನಡೆಸಿದ ವಕೀಲರಲ್ಲೊಬ್ಬರು ಫ್ರೆಡ್ ಗ್ರೇ. ಸಿಫಿಲಿಸ್ ಪ್ರಯೋಗದ ಸಂತ್ರಸ್ತರ ಪರವಾಗಿ ಮುಂದೆ ಸರ್ಕಾರದ ಮೇಲೆ ಕೇಸು ಹಾಕಿದವರೂ ಅವರೇ.

ಎಲ್ಲವೂ ಕೋರ್ಟಿನಲ್ಲಿ ಮುಗಿಯಲಿಲ್ಲ. 1966ರ ಜನವರಿ 3ರಂದು ಸ್ಯಾಮಿ ಯಂಗ್ ಎಂಬ ವಿದ್ಯಾರ್ಥಿ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಬಳಸಲು ಹೋದ. ಬಿಳಿಯರ ಶೌಚಾಲಯ. ಜಗಳವಾಯಿತು, ಬಂಕಿನವನು ಗುಂಡು ಹೊಡೆದ. ಸ್ಯಾಮಿಗೆ 21 ವರ್ಷ. ನೌಕಾಪಡೆಯಲ್ಲಿ ಸೇವೆ ಮಾಡಿ ಬಂದವನು. ಬಿಳಿಯರೇ ತುಂಬಿದ್ದ ಜ್ಯೂರಿ ಅದೇ ವರ್ಷ ಆರೋಪಿಯನ್ನು ಬಿಟ್ಟುಬಿಟ್ಟಿತು. ತೀರ್ಪು ಬಂದ ರಾತ್ರಿ ವಿದ್ಯಾರ್ಥಿಗಳು ಊರ ನಡುವಿನ ಚೌಕಕ್ಕೆ ನಡೆದರು. ಅಲ್ಲಿ ಗುಲಾಮಗಿರಿ ಉಳಿಸಲು ಹೋರಾಡಿದ ಸೈನಿಕನ ಮೂರ್ತಿ, 1906ರಲ್ಲಿ ನಿಲ್ಲಿಸಿದ್ದು. ಅದರ ಮುಖಕ್ಕೆ ಕಪ್ಪು ಬಣ್ಣ ಬಳಿದು ಬೆನ್ನಿಗೆ ಹಳದಿ ಪಟ್ಟೆ ಎಳೆದರು.

ಪೆಟ್ರೋಲ್ ಬಂಕಿನಲ್ಲಿ ಮಣ್ಣು ಉಜ್ಜುತ್ತಾ ನಿಂತಿದ್ದ ನನ್ನನ್ನು ಬೆಳಿಗ್ಗೆ ಯಾರೂ ಏನೂ ಕೇಳಿರಲಿಲ್ಲ. ಇದನ್ನು ಓದುವಾಗ ಅದು ನೆನಪಾಯಿತು.

ಮಧ್ಯಾಹ್ನ ಕ್ಯಾಂಪಸ್ಸಿನ ಮರದ ಕೆಳಗೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಎದುರಿಗೆ ಹುಡುಗ ಹುಡುಗಿಯರ ಗುಂಪು ಯಾವುದೋ ಕುಣಿತ ಅಭ್ಯಾಸ ಮಾಡುತ್ತಿತ್ತು. ಕಾಲು ನೆಲಕ್ಕೆ ಹೊಡೆಯುವುದು, ಚಪ್ಪಾಳೆ, ಮತ್ತೆ ಕಾಲು. ಒಬ್ಬ ತಪ್ಪಿದರೆ ಎಲ್ಲರೂ ನಕ್ಕು ಮೊದಲಿನಿಂದ ಶುರು. ಒಬ್ಬ ಹುಡುಗಿ ಪಶುವೈದ್ಯ ವಿಭಾಗದ ಟೀ ಶರ್ಟ್ ಹಾಕಿದ್ದಳು. 1945ರಲ್ಲಿ ಇಲ್ಲಿ ಪಶುವೈದ್ಯ ಕಾಲೇಜು ಶುರುವಾಯಿತು. ಈ ದೇಶದ ಕಪ್ಪು ಪಶುವೈದ್ಯರಲ್ಲಿ ಬಹುಪಾಲು ಜನ ಇಲ್ಲೇ ಓದಿದವರು. ಮಗಳು ಹೋಗಿ ಮಾತಾಡಿಸಿದಳು, ಗೆಳತಿಗೋಸ್ಕರ. ಹಾಸ್ಟೆಲ್ ಹೇಗಿದೆ, ಊಟ ಹೇಗಿದೆ. ಊಟದ ಬಗ್ಗೆ ಆ ಹುಡುಗಿ ಮುಖ ಕಿವುಚಿದ್ದು ನನಗೆ ಇಲ್ಲಿಂದಲೇ ಕಂಡಿತು. ಎಲ್ಲ ಹಾಸ್ಟೆಲ್ಲೂ ಒಂದೇ.

ವಾಪಸ್ ಬಂದ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪ, ಇಲ್ಲಿ ನಾವಿಬ್ರೇ" ಅಂದಳು. ಏನು ಅಂತ ನನಗೆ ತಕ್ಷಣ ತಿಳಿಯಲಿಲ್ಲ. ಸುತ್ತ ನೋಡಿದೆ. ಹೌದು, ಆ ಹುಲ್ಲುಹಾಸಿನ ಮೇಲೆ ಕಪ್ಪು ಜನರಲ್ಲದವರು ನಾವಿಬ್ಬರೇ. ಗೆಳತಿಗೆ ದಿನವೂ ಆಗುವುದು ಇವಳಿಗೆ ಅರ್ಧ ದಿನ ಆಗಿತ್ತು. ಅದೂ ಎಲ್ಲರೂ ನಗುಮುಖದಿಂದ ಮಾತಾಡಿಸಿದ ಅರ್ಧ ದಿನ.

ಮನೆಗೆ ಬಂದಾಗ ರಾತ್ರಿ. ಮಾಲೂರಿನಲ್ಲಿ ಆಗ ಬೆಳಿಗ್ಗೆ. ಅಪ್ಪ ಕಾಫಿ ಕುಡಿದು ಪೇಪರ್ ಓದುವ ಹೊತ್ತು. ಫೋನ್ ಮಾಡಿ ಎಲ್ಲ ಹೇಳಿದೆ. ಬುಕರ್ ಯಾರು, ಡು ಬಾಯ್ಸ್ ಯಾರು ಅನ್ನುವುದರಲ್ಲಿ ಅವರಿಗೆ ಅಷ್ಟು ಆಸಕ್ತಿ ಇದ್ದಂತಿರಲಿಲ್ಲ, ಹ್ಞೂಂ ಹ್ಞೂಂ ಅನ್ನುತ್ತಿದ್ದರು. ಗೂಡಿನ ಕಥೆ ಬಂದಾಗ ಪೇಪರ್ ಮಡಿಚಿಟ್ಟ ಸದ್ದು ಕೇಳಿಸಿತು.

"ಮೂರನೇದು ಕೊನೇ ದಿನ ಬಿತ್ತಾ?"

"ಹೂಂ, ನಡುರಾತ್ರಿ."

"ಹಾಗಾದ್ರೆ ಮಣ್ಣಿನ ತಪ್ಪಲ್ಲ ಕಣೋ. ಜೋಡಿಸೋದ್ರಲ್ಲಿ ಎಡವಟ್ಟಾಗಿದೆ. ಹಸಿ ಇಟ್ಟಿಗೆ ಅಡಿಗೆ ಹಾಕಿದ್ರೂ ಹಂಗೇ ಆಗೋದು. ನಮ್ಮಪ್ಪನ ಕಾಲದಲ್ಲಿ ಎರಡು ಸಲ ಆಗಿತ್ತು." ಸ್ವಲ್ಪ ತಡೆದು ಕೇಳಿದರು. "ನಾಲ್ಕನೇದಕ್ಕೆ ಯಾರು ದುಡ್ಡು ಕೊಟ್ರು?"

"ವಾಚ್ ಅಡ ಇಟ್ರು. 15 ಡಾಲರಿಗೆ."

"ಬಿಡಿಸ್ಕೊಂಡ್ರಾ?"

"ಇಲ್ಲಪ್ಪ. ದುಡ್ಡು ಹೊಂದಿಸೋ ಹೊತ್ತಿಗೆ ಗಡುವು ಮುಗಿದುಹೋಗಿತ್ತು."

ಆ ಕಡೆಯಿಂದ ಮಾತಿಲ್ಲ. ತಾತನ ಒಂದು ಜೊತೆ ಕಡಗ ಹಾಗೇ ಕೋಲಾರದ ಅಂಗಡಿಯೊಂದರಲ್ಲಿ ಉಳಿದುಹೋದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

"ಗೂಡು ಬಿಚ್ಚಿದಾಗ ಇಟ್ಟಿಗೆ ಬಣ್ಣ ಚೆನ್ನಾಗಿ ಬಂದಿತ್ತಾ?" ಅಂದರು ಅಪ್ಪ.

ಫೋಟೋ ಕಳಿಸುತ್ತೇನೆ, ನೀವೇ ನೋಡಿ ಅಂದೆ.